ಬ್ರೇಕಮ್ಮನ ಕಾಲು, ಹಲವು ಮಕ್ಕಳ ತಾಯಿ ಬೇರು

ಅಪ್ಪ ಅಮ್ಮ ಆಸೆಯಿಂದ ಇಟ್ಟ ಹೆಸರು ಅವಳ ಲೈಸೆನ್ಸಿನಲ್ಲಿ ಮಾತ್ರ ಉಳಿದುಕೊಂಡಿತ್ತು. ಮಿಕ್ಕಂತೆ ಎಲ್ಲರ ಬಾಯಲ್ಲೂ ಅವಳು ಬ್ರೇಕಮ್ಮ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ಬ್ರೇಕಮ್ಮ, ಸಿಟ್ಟು ಬಂದರೆ ಎದುರಿಗೂ ಬ್ರೇಕಮ್ಮ. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನ ಕಾರಿನ ಪಕ್ಕದ ಸೀಟಿನಲ್ಲಿ ಕೂತು ಜನಕ್ಕೆ ಗಾಡಿ ಕಲಿಸಿದವಳಿಗೆ ಬೇರೆ ಯಾವ ಹೆಸರು ಒಪ್ಪೀತು ಹೇಳಿ? ಆ ಕಾರಿನಲ್ಲಿ ಕಲಿಯುವವರ ಕಾಲಡಿಗೆ ಮೂರು ಪೆಡಲು, ಕಲಿಸುವವಳ ಕಾಲಡಿಗೆ ಎರಡೇ: ಕ್ಲಚ್ಚು ಮತ್ತು ಬ್ರೇಕು. ಓಡಿಸುವ ಅಧಿಕಾರ ಅವಳಿಗಿಲ್ಲ, ನಿಲ್ಲಿಸುವ ಅಧಿಕಾರ ಪೂರ್ತಿ ಅವಳದು. “ಸಂಸಾರದಲ್ಲೂ ನನ್ನ ಪಾಲಿಗೆ ಬಂದಿರೋದು ಇಷ್ಟೇ ಕಣ್ರೀ” ಎಂದು ಹೊಸಬರನ್ನು ಮೊದಲ ದಿನವೇ ನಗಿಸುತ್ತಿದ್ದಳು. ನಕ್ಕ ಮೇಲೆ ಅವರ ಕೈಕಾಲು ಸ್ವಲ್ಪ ಸಡಿಲವಾಗುತ್ತಿತ್ತು.

ಆ ಬಲಗಾಲಿನ ಚಾಳಿ ಮಾತ್ರ ಗಾಡಿಯಿಂದ ಇಳಿದರೂ ಇಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವನ ಚೀಲ ತುಳಿದು ಬ್ರೇಕ್ ಹಾಕುವಳು. ಹಲ್ಲಿನ ಡಾಕ್ಟರು ಡ್ರಿಲ್ ಹತ್ತಿರ ತಂದರೆ ಅಲ್ಲೂ ಬಲಗಾಲು ಗಾಳಿಯಲ್ಲಿ ಒಂದು ಸಲ ಒತ್ತುತ್ತಿತ್ತು. ಮಗಳ ಮದುವೆಯಾಗಿ ಅಳಿಯ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೊರಟಾಗ ಇವಳು ಬಾಗಿಲಲ್ಲಿ ನಿಂತು ಹೊಸಿಲನ್ನೇ ಒತ್ತಿದ್ದಳಂತೆ. ಇದು ಗಂಡ ಹೇಳುವ ಕಥೆ. ನಿಜವೋ ಸುಳ್ಳೋ, ಅವಳಂತೂ ಇಲ್ಲ ಎಂದವಳಲ್ಲ.

ಗಂಡ ಫ್ಯಾನ್ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ತಾಮ್ರದ ತಂತಿ ಸುತ್ತುತ್ತಾ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಊರಿಗೆಲ್ಲ ಗಾಳಿ ಹಂಚುವವನ ಮನೆಯೊಳಗೆ ಇದ್ದ ಎರಡೂ ಫ್ಯಾನುಗಳು ಕೀಚ್ ಕೀಚ್ ಎಂದು ಅಳುತ್ತಾ ತಿರುಗುತ್ತಿದ್ದವು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಮನೆಯ ಮೂರನೆಯ ಜೀವ ಅತ್ತೆ. ಎಪ್ಪತ್ತಾರು ವರ್ಷ. ಕಣ್ಣು ಮಂಜು, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಅದು ಯಾವ ಸೌಟು ಎಂದು ಕೂತಲ್ಲಿಂದಲೇ ಹೇಳುವವರು. ಅತ್ತೆ ಸೊಸೆಗೆ ದೊಡ್ಡ ಜಗಳವೇನೂ ಇರಲಿಲ್ಲ, ದೊಡ್ಡ ಪ್ರೀತಿಯೂ ಇರಲಿಲ್ಲ. ನಡುವೆ ಇದ್ದದ್ದು ಒಂದು ಸ್ಟೀಲ್ ಲೋಟ. ಇವಳು ಮದುವೆಯಾಗಿ ಬಂದ ಹೊಸತರಲ್ಲಿ, ನೀರು ಬಿಸಿಯಿದೆ ಎಂಬ ಒಂದೇ ಕಾರಣಕ್ಕೆ, ಅತ್ತೆ ಆ ಲೋಟವನ್ನು ಎತ್ತಿ ಇವಳ ಕಡೆ ಎಸೆದಿದ್ದರು. ಲೋಟ ಇವಳಿಗೆ ತಾಗಲಿಲ್ಲ, ಗೋಡೆಗೆ ತಾಗಿ ನೆಗ್ಗಿತು. ಅಂದಿನಿಂದ ಇಪ್ಪತ್ತೈದು ವರ್ಷ ಬ್ರೇಕಮ್ಮ ನೀರು ಕುಡಿದದ್ದು ಆ ನೆಗ್ಗಿದ ಲೋಟದಲ್ಲೇ. ಹೊಸ ಲೋಟಗಳು ಎಷ್ಟು ಬಂದವೋ ಎಷ್ಟು ಹೋದವೋ, ಅದನ್ನು ಮಾತ್ರ ತೊಳೆದು ಎದುರಿಗೇ ಕವುಚಿಡುತ್ತಿದ್ದಳು. ಸಾಕ್ಷಿ ಕೆಡಬಾರದಲ್ಲ!

ಇಂಥವಳಿಗೆ ಐವತ್ತೊಂದನೆಯ ವರ್ಷದಲ್ಲಿ ಹೊಸ ಕಾಟ ಶುರುವಾಯಿತು. ಮೊದಲ ಸಲ ಬಂದಾಗ ಗಾಡಿಯ ಇಂಜಿನ್ನೇ ಬಿಸಿಯಾಯಿತೆಂದು ತಿಳಿದಳು. ಕಲಿಯುತ್ತಿದ್ದವರ ಕೈಯಲ್ಲಿ ಗಾಡಿ ಪಕ್ಕಕ್ಕೆ ಹಾಕಿಸಿ, ಇಳಿದು, ಬಾನೆಟ್ ಎತ್ತಿ, ನೀರಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ ಹುಷಾರಾಗಿ ಕೈಯಿಟ್ಟರೆ, ಎಲ್ಲ ತಣ್ಣಗಿದೆ! ಕಾದಿದ್ದದ್ದು ಇವಳೇ. ಹೊಟ್ಟೆಯಿಂದ ಎದ್ದ ಬಿಸಿ ಎದೆ, ಕತ್ತು, ಕಿವಿ ಎಲ್ಲ ಸುತ್ತಿ ನೆತ್ತಿಗೆ ಹೋಗಿ ಕೂತಿತು. ಹಣೆಯಿಂದ ಬೆವರು ತೊಟ್ಟಿಕ್ಕಿತು. ಎರಡು ನಿಮಿಷ ಕಳೆದರೆ ಚಳಿ. ದಿನಕ್ಕೆ ಐದಾರು ಸಲ ಇದೇ ಮೆರವಣಿಗೆ. ಮುಟ್ಟು ನಿಂತು ಎಂಟು ತಿಂಗಳಾಗಿತ್ತು, ನಿದ್ದೆ ನಿಂತು ಆರು. ಕೋಪವೋ, ಮೂಗಿನ ತುದಿಯಲ್ಲೇ ಚಾಪೆ ಹಾಸಿ ಮಲಗಿತ್ತು.

ಇದೇನೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಯಾರಿಗೂ ಹೇಳಲಿಲ್ಲ. ರಸ್ತೆಯಲ್ಲಿ ಇನ್ನೊಬ್ಬರ ಪ್ರಾಣ ಕಾಯುವ ಕೆಲಸ ಅವಳದು. ‘ಮೇಡಂಗೆ ಮೈ ಸರಿಯಿಲ್ಲ’ ಎಂಬ ಮಾತು ಒಂದು ಸಲ ಹೊರಟಿತೋ, ಆ ಪಕ್ಕದ ಸೀಟು ಹೋಯಿತು ಎಂದೇ ಲೆಕ್ಕ. ಒಳಗೊಳಗೇ ಇನ್ನೊಂದು ಭಯವೂ ಕೊರೆಯುತ್ತಿತ್ತು. ನಿದ್ದೆಗೆಟ್ಟ ಮೈ, ಕಾಲು ನಿಧಾನವಾಗಿಬಿಟ್ಟರೆ? ಒಂದು ಕ್ಷಣ ತಡವಾದರೆ? ಹಾಗಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು.

ಅಷ್ಟು ನೋಡಿದರೂ ಆಗಬಾರದ್ದೇ ಆಯಿತು. ಎರಡು ತಿಂಗಳಲ್ಲಿ ಅವಳ ಮೂವರು ವಿದ್ಯಾರ್ಥಿನಿಯರು ಟೆಸ್ಟಿನಲ್ಲಿ ಫೇಲಾದರು. ಮೂವರೂ ಒಂದೇ ಕಡೆ. ಇಳಿಜಾರಿನ ಕೆಳಗೆ ಬಿಳಿ ಗೆರೆ ಇದೆ, ಅಲ್ಲಿ ನಿಲ್ಲಿಸಬೇಕು. ಒಬ್ಬಳು ಗೆರೆ ದಾಟಿ ನಿಲ್ಲಿಸಿದಳು, ಇನ್ನೊಬ್ಬಳು ನಿಲ್ಲಿಸಲೇ ಇಲ್ಲ, ಮೂರನೆಯವಳು ಅಲ್ಲಿದ್ದ ಡ್ರಮ್ಮನ್ನು ಉರುಳಿಸಿ ಆಮೇಲೆ ನಿಲ್ಲಿಸಿದಳು. ಬ್ರೇಕಮ್ಮನ ಶಿಷ್ಯರಿಗೆ ಬ್ರೇಕೇ ಬರುವುದಿಲ್ಲವಂತೆ ಎಂದು ಬೇರೆ ಸ್ಕೂಲಿನವರು ನಗಾಡಿದರು. ಅವಳಿಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು.

ಸ್ಕೂಲಿನ ಮಾಲೀಕ ಹಳೆಯ ಮಾಲೀಕರ ಮಗ. ಹದಿನೆಂಟು ತುಂಬಿದಾಗ ಅವನಿಗೆ ಸ್ಟಿಯರಿಂಗ್ ಹಿಡಿಸಿದವಳೂ ಇವಳೇ. ಅವನು ಒಂದು ಬೆಳಿಗ್ಗೆ ಕುರ್ಚಿ ಎಳೆದು ಕೂರಿಸಿ, ಮೇಜಿನ ಮೇಲಿದ್ದ ಪೆನ್ನನ್ನು ಅತ್ತ ಇತ್ತ ಸರಿಸುತ್ತಾ ಹೇಳಿದ.

“ಅಕ್ಕಾ, ಕೋಪ ಮಾಡ್ಕೋಬೇಡಿ. ಮುಂದಿನ ತಿಂಗಳಿಂದ ನೀವು ಆಫೀಸಲ್ಲೇ ಕೂತ್ಕೊಳ್ಳಿ. ಫಾರಂ ತುಂಬಿಸೋದು, ಫೋನ್ ಎತ್ತೋದು. ಏಸಿ ಇದೆ, ಆರಾಮ.”

“ಕೂರಿಸೋಕೆ ನಾನೇನು ಹೂವಿನ ಕುಂಡಾನಾ?”

“ಹಾಗಲ್ಲಕ್ಕ. ಜನ ಮಾತಾಡ್ತಾರೆ.”

“ಜನಕ್ಕೇನು, ಆಡೋಕೆ ಬಾಯಿದೆ, ಓಡಿಸೋಕೆ ಗಾಡಿ ಬರಲ್ಲ. ಡಾಕ್ಟರಮ್ಮ ಕಲೀತಿದ್ದಾರಲ್ಲ, ಅವರ ಟೆಸ್ಟ್ ಬರೋ ತಿಂಗಳು. ಅಲ್ಲೀವರೆಗೆ ತಡಿ. ಅವರು ಫೇಲಾದ್ರೆ ನೀನು ಹೇಳೋದೇ ಬೇಡ, ನಾನೇ ಬಂದು ಆ ಏಸಿ ಕೆಳಗೆ ಕೂತ್ಕೋತೀನಿ.”

ಹೇಳುವುದೇನೋ ಹೇಳಿದಳು. ಹೊರಗೆ ಬಂದ ಮೇಲೆ ನಾಲಗೆ ಕಚ್ಚಿಕೊಂಡಳು. ಯಾಕೆಂದರೆ ಆ ಡಾಕ್ಟರಮ್ಮನಷ್ಟು ಹೆದರುಪುಕ್ಕಲು ವಿದ್ಯಾರ್ಥಿನಿ ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿರಲಿಲ್ಲ.

ಹೆಂಗಸರ ಡಾಕ್ಟರು ಅವರು. ಸಾವಿರಾರು ಹೆರಿಗೆ ಮಾಡಿಸಿದ ಕೈ. ಆ ಕೈ ಗೇರಿನ ಮೇಲೆ ಬಂದರೆ ಗಡಗಡ. ವಾರಕ್ಕೆ ಮೂರು ದಿನ ಬೆಳಗಿನ ಆರೂವರೆಗೆ ಬರುವರು. “ಒತ್ತಿ, ಒತ್ತಿ, ಇನ್ನೂ ಒತ್ತಿ, ಹಾಂ, ಈಗ ಮೆಲ್ಲಗೆ ಬಿಡಿ!” ಎಂದು ಇವಳು ಕ್ಲಚ್ಚಿಗಾಗಿ ಕೂಗಿದರೆ, “ನಾನು ದಿನಾ ಬೇರೆಯವರಿಗೆ ಹೇಳೋ ಮಾತು ಕಣ್ರೀ ಇದು. ಹೇಳಿಸ್ಕೊಳ್ಳೋರ ಕಷ್ಟ ಈಗ ಗೊತ್ತಾಗ್ತಿದೆ” ಎನ್ನುವರು.

ಮಾಲೀಕನ ಜೊತೆ ಮಾತಾದ ಮರುದಿನ ಬ್ರೇಕಮ್ಮನ ಕನ್ನಡಿಯ ಮುಂದೆ, ಬಾಚಣಿಗೆಯ ಪಕ್ಕದಲ್ಲಿ, ಒಂದು ಬಾಟಲಿ ಬಂದು ಕೂತಿತ್ತು. ಹಸಿರು ಮುಚ್ಚಳ. ಮೇಲೆ ನಗುತ್ತಿರುವ ಹೆಂಗಸಿನ ಚಿತ್ರ. ಅವಳ ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ‘ಹಲವು ಮಕ್ಕಳ ತಾಯಿ ಬೇರಿನ (ಶತಾವರಿ) ಸಾರ. ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರ ನೆಮ್ಮದಿಗಾಗಿ.’ ದಿನಕ್ಕೆರಡು ಕ್ಯಾಪ್ಸೂಲು.

ನೋಡಿದ್ದೇ ತಡ, ರೇಗಿಹೋಯಿತು. ಗಂಡನದೇ ಕೆಲಸ! ಇಷ್ಟು ದಿನ ಕಣ್ಣೆತ್ತಿ ನೋಡದವನು ಈಗ ಬಾಟಲಿ ತಂದಿಟ್ಟು, ನಿನಗೆ ವಯಸ್ಸಾಯಿತು ಎಂದು ಬಾಯಿಬಿಡದೆ ಹೇಳುತ್ತಿದ್ದಾನಲ್ಲ!

“ಒಂದು ಮಗೂನ ಸಾಕಿ ಸಲಹೋ ಹೊತ್ತಿಗೆ ಹೈರಾಣಾಗಿದ್ದೀನಿ. ಈಗ ಹಲವು ಮಕ್ಕಳ ತಾಯಿಯಂತೆ! ಇದನ್ನ ತಂದಿಡೋ ಬದಲು ಬಾಯಿಬಿಟ್ಟು ಒಂದು ಮಾತು ಕೇಳೋಕಾಗ್ತಿರಲಿಲ್ವಾ?” ಎಂದು ಮುಂದಿನ ಕೋಣೆಗೆ ನುಗ್ಗಿದಳು.

ಗಂಡ ತಂತಿಯಿಂದ ತಲೆ ಎತ್ತಿದ. “ಯಾವುದನ್ನ?”

“ಏನೂ ಗೊತ್ತಿಲ್ಲದೋರ ಹಾಗೆ ಆಡಬೇಡಿ. ಬಾಟ್ಲಿ!”

“ಯಾವ ಬಾಟ್ಲಿ?”

ಆ ದಿನದ ಹತ್ತು ಮಾತಿನಲ್ಲಿ ಎರಡು ಅಲ್ಲಿಗೇ ಖರ್ಚಾದವು. ಅವನು ಮತ್ತೆ ತಂತಿ ಸುತ್ತಿದ. ಒಳಗೆ ಅತ್ತೆ ಒಮ್ಮೆ ಕೆಮ್ಮಿದರು. ಬ್ರೇಕಮ್ಮ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಅವನಿಗೆ ಅದು ಗೊತ್ತಾಗಿದ್ದು ಮೂರನೆಯ ದಿನ. ಗೊತ್ತಾದ ಮೇಲೆ ಪಾಪ, ಒಂದು ಪುಟ್ಟ ಫ್ಯಾನು ರಿಪೇರಿ ಮಾಡಿ ಸ್ಕೂಲಿಗೇ ತಂದು ಕಾರಿನ ಡ್ಯಾಶ್‌ಬೋರ್ಡಿಗೆ ತಿರುಪು ಹಾಕಿ ಕೂರಿಸಿಕೊಟ್ಟ. ಅದು ಕೀಚ್ ಎನ್ನುತ್ತಿರಲಿಲ್ಲ.

ಬೈದರೂ ಬಾಟಲಿಯನ್ನು ಎಸೆಯಲಿಲ್ಲ ನೋಡಿ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕರೂ ಆಸರೆಯೇ. ಕನ್ನಡಿಯ ಮುಂದಿನಿಂದ ತೆಗೆದು, ತಾನು ನುಂಗುವುದು ಗಂಡನ ಕಣ್ಣಿಗೆ ಬೀಳಬಾರದೆಂದು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಚ್ಚಿಟ್ಟಳು. ಬೆಳಿಗ್ಗೆ ಒಂದು, ಸಂಜೆ ಒಂದು, ಗೊಣಗುತ್ತಲೇ ನುಂಗಿದಳು. ಸಂಜೆಯದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದು ಆ ನೆಗ್ಗಿದ ಲೋಟದ ನೀರಿನಲ್ಲೇ ನುಂಗುವುದು. ತೇಗಿದರೆ ಮಣ್ಣಿನ ವಾಸನೆ. ಎರಡು ವಾರದಲ್ಲಿ ಬಿಸಿ ಸ್ವಲ್ಪ ತಗ್ಗಿದ ಹಾಗಿತ್ತು, ಇಲ್ಲದ ಹಾಗೂ ಇತ್ತು. ಬೇರಿನದೋ ಪುಟ್ಟ ಫ್ಯಾನಿನದೋ, ಯಾರು ಕಂಡರು!

ಹೀಗಿರುವಾಗ ಒಂದು ಬೆಳಿಗ್ಗೆ ಡಾಕ್ಟರಮ್ಮ ಗಾಡಿ ನಿಲ್ಲಿಸಿ ಗಾಜು ಒರೆಸಲು ಬಟ್ಟೆ ಹುಡುಕಿದರು. ಖಾನೆ ತೆಗೆದರೆ ಬಟ್ಟೆಯ ಮೇಲೆ ಹಸಿರು ಮುಚ್ಚಳ.

“ಇದ್ಯಾರದು?”

ಬ್ರೇಕಮ್ಮ ರಸ್ತೆಯ ಕಡೆ ಮುಖ ತಿರುಗಿಸಿದಳು. “ನಮ್ಮ ಸಂಬಂಧಿಕರೊಬ್ಬರದು. ಮರೆತು ಬಿಟ್ಟುಹೋಗಿದ್ದಾರೆ.”

“ಓಹೋ. ಆ ನಿಮ್ಮ ಸಂಬಂಧಿಕರಿಗೆ ಈಗ ಮುಖ ಕೆಂಪಾಗಿ, ಕತ್ತಿಂದ ಬೆವರು ಇಳೀತಾ ಇದೆ. ಅವರಿಗೆ ಹೇಳಿ, ಕಿಟಕಿ ಇಳಿಸ್ಲಿ.”

ಕಳ್ಳಿ ಸಿಕ್ಕಿಬಿದ್ದಳು. ಕಿಟಕಿ ಇಳಿಸಿ, ಫ್ಯಾನಿಗೆ ಮುಖ ಕೊಟ್ಟು, ಮುಟ್ಟು ನಿಂತಲ್ಲಿಂದ ಹಿಡಿದು ಬಾನೆಟ್ ಎತ್ತಿದ್ದರ ತನಕ, ಮೂವರು ಫೇಲಾದ ತನಕ, ಏಸಿ ಕುರ್ಚಿಯ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದಳು. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿತು. “ನನ್ನ ಕಾಲ ಮುಗೀತು ಅನ್ಸುತ್ತೆ ಡಾಕ್ಟ್ರೇ” ಎಂದಳು.

ಡಾಕ್ಟರಮ್ಮ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. “ಬೇರು ಒಳ್ಳೇದೇ ಇರಬಹುದು. ಕೆಲವರು ಹಾಯಾಯ್ತು ಅಂತಾರೆ, ಕೆಲವರಿಗೆ ಏನೂ ಗೊತ್ತಾಗಲ್ಲ. ಇದರಿಂದಲೇ ಕಮ್ಮಿಯಾಗುತ್ತೆ ಅಂತ ನಾನು ಮಾತ್ರ ಆಣೆ ಹಾಕಲ್ಲ. ಬೇರೆ ಮಾತ್ರೆ ಏನಾದ್ರೂ ತಗೋತೀರಾ?”

“ಬಿಪಿದು ಒಂದು.”

“ನೋಡಿ, ಅದನ್ನ ಹೇಳ್ದೆ ಕೇಳ್ದೆ ಇದನ್ನ ಅದರ ಜೊತೆ ಸೇರಿಸಿದ್ದೀರಲ್ಲ! ನಾಳೆ ಎರಡನ್ನೂ ಹಿಡ್ಕೊಂಡು ಕ್ಲಿನಿಕ್ಕಿಗೆ ಬನ್ನಿ. ರಕ್ತ ಪರೀಕ್ಷೆ ಮಾಡೋಣ. ಇದಕ್ಕೆ ಬೇರೆ ಚಿಕಿತ್ಸೇನೂ ಇದೆ, ಬೇಕಾದ್ರೆ ನೋಡೋಣ. ಯಾರ ಹತ್ರಾನೂ ಹೇಳ್ದೆ ಬಚ್ಚಿಟ್ಕೊಂಡು ಒದ್ದಾಡೋಕೆ ಇದೇನು ಕಳ್ಳತನವಾ?” ಎಂದು ಗದರಿದರು. ಆಮೇಲೆ ತಮ್ಮ ಕಾಲಡಿ ನೋಡಿಕೊಂಡರು. “ಇನ್ನೊಂದು ಮಾತು ಕೇಳ್ಲಾ? ಬ್ರೇಕ್ ಪೆಡಲು ನಾವು ತುಳಿಯೋಕೆ ಮುಂಚೇನೇ ಕೆಳಗೆ ಹೋಗಿರುತ್ತಲ್ಲ, ಎಲ್ಲಾ ಗಾಡೀಲೂ ಹೀಗೇನಾ?”

“ಏನಂದ್ರಿ?”

“ನಾನು ಕಾಲಿಡೋ ಹೊತ್ತಿಗೆ ಅದು ಆಗ್ಲೇ ಒತ್ತಿರುತ್ತೆ. ಮೆತ್ತಗೆ. ನಾನು ಬರೀ ಮೇಲೆ ಕಾಲಿಡ್ತೀನಿ, ಗಾಡಿ ನಿಲ್ಲುತ್ತೆ.”

ಬ್ರೇಕಮ್ಮ ತನ್ನ ಬಲಗಾಲನ್ನು ನೋಡಿದಳು. ಗಾಡಿ ನಿಂತಿತ್ತು, ಇಂಜಿನ್ ಆರಿತ್ತು, ಎದುರಿಗೆ ಒಂದು ಇರುವೆಯೂ ಇರಲಿಲ್ಲ. ಆದರೂ ಆ ಕಾಲು ಬ್ರೇಕಿನ ಮೇಲೆಯೇ ಇತ್ತು, ಅರ್ಧ ಒತ್ತಿಕೊಂಡೇ.

ಎರಡೂ ಕಡೆಯ ಪೆಡಲು ಒಂದಕ್ಕೊಂದು ಜೋಡಿಸಿರುವವು. ಇವಳು ಒತ್ತಿದರೆ ಅಲ್ಲಿನದೂ ಇಳಿಯುತ್ತದೆ. ಎಂದೋ ಒಂದು ಸಲ, ಪ್ರಾಣಕ್ಕೆ ಬಂದಾಗ ಮಾತ್ರ ಒತ್ತಬೇಕಾದ ಕಾಲು, ತಡವಾದೀತೆಂಬ ಭಯಕ್ಕೆ, ಪ್ರತಿ ತಿರುವಿಗೂ ಪ್ರತಿ ಗೆರೆಗೂ ಮೊದಲೇ ಒತ್ತಿಬಿಡುತ್ತಿತ್ತು. ಕಾಲು ನಿಧಾನವಾಯಿತೆಂದು ಇವಳು ಹೆದರಿದ್ದಳು. ಅದು ಅತಿ ಚುರುಕಾಗಿತ್ತು. ಫೇಲಾದ ಆ ಮೂವರು ಒಂದು ಸಲವೂ ಗಾಡಿ ನಿಲ್ಲಿಸಲು ಕಲಿತಿರಲೇ ಇಲ್ಲ. ನಿಲ್ಲಿಸಿದ್ದು ಇವಳು. ಟೆಸ್ಟಿನಲ್ಲಿ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು ಕಾಲು ಹಿಂದಕ್ಕೆಳೆದುಕೊಂಡರೆ ಗಾಡಿ ನಿಲ್ಲುವುದು ಹೇಗೆ?

“ಅಯ್ಯೋ ನನ್ನ ಕರ್ಮವೇ! ಕಲಿಸೋಳೇ ಕಲಿಯೋಕೆ ಬಿಡಲಿಲ್ವಲ್ಲ!” ಎಂದು ತಲೆ ಚಚ್ಚಿಕೊಂಡಳು.

“ಬಿಸಿಗೆ ಬೇರಿದೆ, ಮಾತ್ರೆ ಇದೆ. ಈ ಕಾಲಿಗೆ ನನ್ನ ಹತ್ರ ಔಷಧಿ ಇಲ್ಲಪ್ಪ” ಎಂದರು ಡಾಕ್ಟರಮ್ಮ.

ಅಂದು ಸಂಜೆ ಬ್ರೇಕಮ್ಮ ಬಾಟಲಿ ಕೈಯಲ್ಲೇ ಹಿಡಿದು ಮನೆಗೆ ಬಂದಳು. ಇನ್ನು ಬಚ್ಚಿಡುವುದೇನು? ಗಂಡನ ಹತ್ತಿರ ಮೆತ್ತಗೆ ಮಾತಾಡೋಣ, ತಂದದ್ದಕ್ಕೆ ಬೈದದ್ದು ತಪ್ಪಾಯಿತು ಅನ್ನೋಣ ಎಂದುಕೊಂಡು ಒಳಗೆ ಬಂದರೆ ಅವನು ಯಾರದೋ ಮನೆಗೆ ಫ್ಯಾನು ಹಾಕಲು ಹೋಗಿದ್ದ. ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಕ್ಯಾಪ್ಸೂಲುಗಳು ಗಲಗಲ ಅಂದದ್ದು ಅವರ ಕಿವಿಗೆ ಬಿತ್ತು.

“ಇನ್ನೂ ಎಷ್ಟು ಉಳಿದಿದೆ ಅದರಲ್ಲಿ?”

ಬ್ರೇಕಮ್ಮ ನಿಂತಲ್ಲೇ ನಿಂತಳು. “ನಿಮಗೆ ಹೇಗೆ ಗೊತ್ತು ಅತ್ತೆ?”

“ನಾನು ತಂದದ್ದು ನನಗೆ ಗೊತ್ತಿರಲ್ವಾ? ಅವನಿಗೇನು ತಿಳಿಯುತ್ತೆ, ಮಣ್ಣು! ಅವನನ್ನ ಸುಮ್ಮನೆ ಬೈದು ಎರಡು ದಿನ ಮಾತು ಬಿಟ್ಟೆ ನೀನು.”

“ನೀವಾ? ಮೆಡಿಕಲ್ ಸ್ಟೋರಿಗೆ ನೀವು ಹೋದ್ರಾ?”

“ಕಾಲಿಲ್ವಾ ನನಗೆ? ಗೋಡೆ ಹಿಡ್ಕೊಂಡು ಹೋದೆ. ಮುಟ್ಟು ನಿಲ್ಲೋರಿಗೆ ಕೊಡೋ ಬೇರಿನ ಮಾತ್ರೆ ಕೊಡಪ್ಪ ಅಂದೆ. ಅಂಗಡಿಯವನು ನನ್ನ ಮೇಲಿಂದ ಕೆಳಗೆ ನೋಡಿ, ‘ಅಜ್ಜಿ, ಅದು ಐವತ್ತರವರಿಗೆ’ ಅಂದ. ‘ನನಗೂ ಒಂದು ಕಾಲದಲ್ಲಿ ಐವತ್ತಾಗಿತ್ತು ಕಣಪ್ಪ, ಕೊಡು’ ಅಂದೆ.”

ಬ್ರೇಕಮ್ಮನಿಗೆ ನಗು ಬಂತು. ಅತ್ತೆ ನಗಲಿಲ್ಲ. ಕಿಟಕಿಯ ಸರಳನ್ನು ಸವರುತ್ತಾ, ಹೊರಗೆ ನೋಡುತ್ತಲೇ ಮಾತಾಡಿದರು.

“ನೀನು ಫ್ಯಾನ್ ಕೆಳಗೆ ನಿಂತು ಉಸಿರು ಬಿಡೋ ಶಬ್ದ ಇಲ್ಲಿಗೆ ಕೇಳುತ್ತೆ. ನನಗೆ ಆದಾಗ ಇದಕ್ಕೊಂದು ಹೆಸರಿದೆ ಅಂತಾನೂ ಗೊತ್ತಿರಲಿಲ್ಲ. ಮೈಯೆಲ್ಲ ಬೆಂಕಿ. ಹಿತ್ತಲಿನ ನೀರಿನ ತೊಟ್ಟಿಗೆ ಹಣೆ ಒತ್ತಿಕೊಂಡು ನಿಂತಿರ್ತಿದ್ದೆ. ಹುಚ್ಚು ಹಿಡೀತಾ ಇದೆ ಅಂದ್ಕೊಂಡೆ. ಯಾರ ಹತ್ರ ಹೇಳ್ಲಿ? ನಿಮ್ಮ ಮಾವನ ಹತ್ರವಾ? ಆ ವರ್ಷವೇ ನೀನು ಮದುವೆಯಾಗಿ ಬಂದೆ. ಎದುರಿಗೆ ಸಿಕ್ಕಿದೋಳು ನೀನು. ಆ ಲೋಟ…”

ಅಷ್ಟಕ್ಕೇ ನಿಲ್ಲಿಸಿದರು. ಬ್ರೇಕಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂದು ಅತ್ತೆಗೆ ಐವತ್ತೊಂದು. ಸರಿಯಾಗಿ ತನ್ನ ಈಗಿನ ವಯಸ್ಸು.

“ತಪ್ಪಾಯ್ತು ಅನ್ನೋಕೆ ಅವತ್ತೂ ನನಗೆ ಬಾಯಿ ಬರಲಿಲ್ಲ. ಈಗಲೂ ಬರಲ್ಲ ಕಣೇ. ಅದಕ್ಕೇ ಬಾಟ್ಲಿ ತಂದಿಟ್ಟೆ” ಎಂದರು ಅತ್ತೆ.

ಇಪ್ಪತ್ತೈದು ವರ್ಷ ಆ ಲೋಟವನ್ನು ತೊಳೆದು ತೊಳೆದು ಎದುರಿಗಿಟ್ಟು ಅತ್ತೆಯನ್ನು ಚುಚ್ಚಿದ್ದೆನಲ್ಲ ಎಂದು ಬ್ರೇಕಮ್ಮನಿಗೆ ಈಗ ಹೊಳೆಯಿತು. ಕಣ್ಣು ಮಂಜಾದವರಿಗೂ ಅದರ ಸದ್ದು ದಿನವೂ ಕೇಳಿಸಿರುತ್ತದೆ. ಒಳಗೆ ಹೋಗಿ ಆ ಲೋಟದ ತುಂಬ ತಣ್ಣೀರು ತಂದಳು. ಮೊದಲು ಅತ್ತೆಗೆ ಕೊಟ್ಟಳು. ಅವರು ಬೆರಳಿನಿಂದ ನೆಗ್ಗಿದ ಜಾಗ ಮುಟ್ಟಿ ನೋಡಿ, ಅರ್ಧ ಕುಡಿದು, ಉಳಿದರ್ಧ ವಾಪಸ್ಸು ಕೊಟ್ಟರು. ಅದರಲ್ಲಿ ಇವಳು ಸಂಜೆಯ ಕ್ಯಾಪ್ಸೂಲು ನುಂಗಿದಳು.

ಮರುದಿನ ಡಾಕ್ಟರಮ್ಮ ರಕ್ತ ನೋಡಿಸಿ, ಬಿಪಿ ನೋಡಿ, “ಮೂರು ತಿಂಗಳು ಬೇರನ್ನು ಮುಂದುವರಿಸಿ, ವಾರಕ್ಕೊಮ್ಮೆ ಬಿಪಿ ತೋರಿಸಿ” ಎಂದರು. ಕ್ಲಿನಿಕ್ಕಿನ ತಮ್ಮ ಕುರ್ಚಿಯಲ್ಲಿ ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಟೆಸ್ಟಿಗೆ ಉಳಿದದ್ದು ಎರಡು ವಾರ, ತಿದ್ದಲು ಉಳಿದದ್ದು ಒಂದು ಕಾಲು. ಎಷ್ಟು ಹೇಳಿಕೊಂಡರೂ ಆ ಕಾಲು ಕೇಳಲೊಲ್ಲದು. ಹಿಂದಕ್ಕೆ ಎಳೆದುಕೊಂಡರೆ ಕಳ್ಳಬೆಕ್ಕಿನ ಹಾಗೆ ಮೆಲ್ಲಗೆ ಮುಂದಕ್ಕೆ ಹೋಗುವುದು. ಕೊನೆಗೆ ಬ್ರೇಕಮ್ಮ ಡಾಕ್ಟರಮ್ಮನನ್ನು ಊರಾಚೆಯ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದಳು. ಚಪ್ಪಲಿ ಬಿಟ್ಟಳು. ಎರಡೂ ಕಾಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಣಕಾಲು ಒಂದು ಬಾಗಿಲಿಗೆ, ಇನ್ನೊಂದು ಗೇರಿಗೆ.

“ಇದೇನ್ರೀ, ಊಟಕ್ಕೆ ಕೂತ ಹಾಗೆ!” ಎಂದು ಡಾಕ್ಟರಮ್ಮ ಕಂಗಾಲಾದರು.

“ಇನ್ಮೇಲೆ ಗಾಡಿ ನಿಲ್ಲಿಸೋದು ನಿಮ್ಮ ಪಾಲು. ನಾನು ಇಲ್ಲ ಅಂದ್ಕೊಳ್ಳಿ.”

“ಅಯ್ಯೋ, ನಾನು ಸತ್ತೆ!”

“ಮೆಲ್ಲಗೆ ಹೋಗಿ. ಮೈದಾನದಲ್ಲಿ ಸಾಯೋಕೆ ಏನಿದೆ, ಬರೀ ಗರಿಕೆ.”

ಮೊದಲ ದಿನ ಗಾಡಿ ಎಲ್ಲೆಲ್ಲೋ ನಿಂತಿತು. ಮೂರನೆಯ ದಿನ ಇಟ್ಟ ಕಲ್ಲಿನ ಹತ್ತಿರ ನಿಂತಿತು. ಐದನೆಯ ದಿನ ಬ್ರೇಕಮ್ಮನಿಗೆ ಆ ಬಿಸಿ ಎದ್ದು ಕಿವಿ ಗುಂಯ್ ಎನ್ನುತ್ತಿದ್ದಾಗಲೇ, ಮೈದಾನಕ್ಕೆ ಅಡ್ಡದಾರಿಯಿಂದ ತಳ್ಳುಗಾಡಿಯ ತರಕಾರಿಯವನು ಬಂದುಬಿಟ್ಟ. ಅವಳ ಕಾಲು ಒದ್ದಾಡಿತು. ಮಡಿಚಿದ ಕಾಲು, ಅಷ್ಟು ಬೇಗ ಬಿಡಿಸಲು ಬರಲಿಲ್ಲ. ಡಾಕ್ಟರಮ್ಮ ಹಲ್ಲು ಕಚ್ಚಿ ಒತ್ತಿದರು. ಗಾಡಿ ನಿಂತಿತು. ತರಕಾರಿಯವನು ತಿರುಗಿಯೂ ನೋಡದೆ ಹೋದ.

“ನಿಲ್ಲಿಸ್ದೆ ಕಣ್ರೀ! ನಾನೇ!” ಎಂದು ಡಾಕ್ಟರಮ್ಮ ಸ್ಟಿಯರಿಂಗ್ ಬಡಿದು ಹಾರ್ನ್ ಹೊಡೆಸಿದರು. ಬ್ರೇಕಮ್ಮ ಬೆವರು ಒರೆಸಿಕೊಳ್ಳುತ್ತಾ ನಕ್ಕಳು.

ಟೆಸ್ಟಿನ ದಿನ ಮಾಲೀಕನೂ ಬಂದಿದ್ದ. ಇನ್ಸ್‌ಪೆಕ್ಟರು ಕಡತ ತೊಡೆಯ ಮೇಲಿಟ್ಟು ಪಕ್ಕದ ಸೀಟಿನಲ್ಲಿ ಕಾಲು ಹಿಂದಕ್ಕೆಳೆದು ಕೂತರು. ಗಾಡಿ ಏರು ಹತ್ತಿತು, ಎಂಟು ಬರೆಯಿತು, ಇಳಿಜಾರಿಗೆ ಬಂತು. ಶೆಡ್ಡಿನ ಬೆಂಚಿನ ಮೇಲಿದ್ದ ಬ್ರೇಕಮ್ಮನ ಬಲಗಾಲು ನೆಲದ ಮಣ್ಣಿನೊಳಗೆ ಇಳಿಯತೊಡಗಿತು. ಅವಳು ಕಾಲಿನ ಕಡೆ ನೋಡಿ, “ಸುಮ್ಮನಿರೇ ಮಾರಾಯ್ತಿ” ಎಂದು ಗದರಿ, ಚಪ್ಪಲಿ ಬಿಟ್ಟು ಬೆಂಚಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಅಕ್ಕಪಕ್ಕದವರು ನೋಡಿದರು. ನೋಡಲಿ.

ಗಾಡಿ ಬಿಳಿ ಗೆರೆಗೆ ಒಂದು ಗೇಣು ಇರುವಾಗ ನಿಂತಿತು.

ಮಾಲೀಕ ಹತ್ತಿರ ಬಂದು ಗಾಡಿಯ ಕೀಲಿ ಅವಳ ಅಂಗೈಯಲ್ಲಿಟ್ಟ. “ಆ ಮೂವರಿಗೂ ಫೋನ್ ಮಾಡಪ್ಪ. ಮತ್ತೆ ಕಲಿಸ್ಬೇಕು, ತಪ್ಪು ನಂದು. ಇವತ್ತು ಸಂಜೆ ಒಂದು ಗಂಟೆ ಗಾಡಿ ನನಗೆ ಬೇಕು, ಮನೆ ಕೆಲಸಕ್ಕೆ” ಎಂದಳು. “ತಗೊಳ್ಳಿ ಅಕ್ಕಾ” ಎಂದ.

ಸಂಜೆ ಅವಳು ಗಾಡಿಯನ್ನು ಮನೆಯ ಬಾಗಿಲಿಗೇ ತಂದು ನಿಲ್ಲಿಸಿ, “ಅತ್ತೆ, ಬನ್ನಿ, ಒಂದು ಸುತ್ತು ಹೋಗಿಬರೋಣ” ಎಂದಳು. ಗಾಡಿ ಕಲಿಸಿದ ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಕರೆದದ್ದು ಅದೇ ಮೊದಲು. ಅತ್ತೆ, ಎಲ್ಲಿಗೆ ಏನು ಎಂದು ಕೇಳದೆ, ತಲೆ ಬಾಚಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು. ಗಂಡ ಹಿಂದೆ, ತೊಡೆಯ ಮೇಲೆ ಯಾರದೋ ಟೇಬಲ್ ಫ್ಯಾನು.

“ನೋಡಿದ್ಯಾ, ನನ್ನ ಬೇರು ಕೆಲಸ ಮಾಡ್ತು!” ಎಂದರು ಅತ್ತೆ.

“ಹೂಂ ಅತ್ತೆ, ನಿಮ್ಮ ಬೇರೇ” ಎಂದಳು. ಇನ್ನೂ ದಿನಕ್ಕೆ ಮೂರು ಸಲ ಬಿಸಿ ಏಳುತ್ತಿತ್ತು, ಆದರೂ ಹಾಗೆಂದಳು.

ಬೀದಿ ತಿರುವಿನಲ್ಲಿ ಗಾಡಿ ಗಕ್ಕನೆ ನಿಂತಿತು. ಬ್ರೇಕಮ್ಮ ಬ್ರೇಕ್ ಮುಟ್ಟಿರಲಿಲ್ಲ. ಮತ್ತೆ ಹೊರಟಳು, ಹತ್ತು ಮಾರಿಗೆ ಮತ್ತೆ ಗಕ್! ಹಿಂದೆ ಟೇಬಲ್ ಫ್ಯಾನು ಗಂಡನ ಹಣೆಗೆ ಬಡಿಯಿತು. ಬಗ್ಗಿ ನೋಡಿದರೆ ಅತ್ತೆಯ ಕಾಲು ಪೆಡಲಿನ ಮೇಲೆ.

“ಎದುರಿಗೆ ನಾಯಿ ಬಂತು ಕಣೇ! ನೀನು ನೋಡಿದ್ಯೋ ಇಲ್ವೋ ಅಂತ…”

“ಅದು ಮೋರಿ ಪಕ್ಕ ಮಲಗಿದೆ ಅತ್ತೆ.” ಬ್ರೇಕಮ್ಮ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಬಗ್ಗಿ, ಅತ್ತೆಯ ಚಪ್ಪಲಿಯನ್ನು ತಾನೇ ಬಿಡಿಸಿದಳು. “ನಾನು ನೋಡ್ಕೋತೀನಿ. ನೀವು ಕಾಲೆತ್ತಿ ಮೇಲೆ ಮಡಿಚಿ ಕೂತ್ಕೊಳ್ಳಿ. ಇಷ್ಟು ವರ್ಷ ಒತ್ತಿದ್ದು ಸಾಕು.”

ಅತ್ತೆ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಮಂಡಿ ಲಟಕ್ ಎನ್ನಿಸುತ್ತಾ ಸೀಟಿನ ಮೇಲೆ ಮಡಿಚಿಟ್ಟುಕೊಂಡರು. ಡ್ಯಾಶ್‌ಬೋರ್ಡಿನ ಪುಟ್ಟ ಫ್ಯಾನನ್ನು ಕೈಯಿಂದ ಸೊಸೆಯ ಕಡೆ ತಿರುಗಿಸಿದರು.

“ಹೂಂ, ಹೋಗು. ಸ್ವಲ್ಪ ಜೋರಾಗೇ ಹೋಗು” ಎಂದರು.

ಬ್ರೇಕಮ್ಮ ಗೇರು ಹಾಕಿದಳು.